ದಮ್ ಹಾಕಿದ ಮೇಲಿನ ಹೊತ್ತು

ಬಿರಿಯಾನಿ ಬೇಯಿಸುವ ದೊಡ್ಡ ದೇಗಿನ ಬಾಯಿಗೆ ಮುಚ್ಚಳ ಹಾಕಿ, ಅಂಚಿನ ಸುತ್ತ ಹಿಟ್ಟು ಮೆತ್ತಿ, ಮೇಲೆ ಕೆಂಡ ಹರಡಿ ದಮ್ ಹಾಕಿದ ಮೇಲೆ ಬಾಣಸಿಗನಿಗೆ ಮಾಡಲು ಏನೂ ಉಳಿಯುವುದಿಲ್ಲ. ಒಳಗೆ ಅಕ್ಕಿ, ಮಾಂಸ, ಹಬೆ ತಮ್ಮ ಪಾಡಿಗೆ ತಾವು ಕೆಲಸ ಮಾಡಿಕೊಳ್ಳುತ್ತವೆ. ಹೊಸಕೋಟೆಯ ಅಲ್ತಾಫ್ ಬಿರಿಯಾನಿ ಕೆಲಸಕ್ಕೆ ಇಳಿದ ಕಾಲದಿಂದಲೂ ಆ ಹೊತ್ತಿನಲ್ಲಿ ಮಾಡುತ್ತಿದ್ದದ್ದು ಒಂದೇ. ಬೆವರು ಒರೆಸಿಕೊಂಡು, ಕಲ್ಯಾಣ ಮಂಟಪದ ಹಿಂದೆ ನೆರಳಿರುವ ಕಡೆ ಹೋಗಿ, ಒಂದು ಸಿಗರೇಟು ಹಚ್ಚುವುದು. ಅದು ಮುಗಿಯುವ ಹೊತ್ತಿಗೆ ಇನ್ನೊಂದು. ಜೊತೆಗೆ ಶಾಮಿಯಾನದ ಕೆಂಪರಾಜ್ ಇರುತ್ತಿದ್ದ. ಕುರ್ಚಿ, ಪಾತ್ರೆ, ಶಾಮಿಯಾನ ಎಲ್ಲ ಬಾಡಿಗೆಗೆ ಕೊಡುವವನು ಅವನು. ಇಬ್ಬರೂ ಊರೂರಿನ ಮದುವೆಗಳಲ್ಲಿ ಹೀಗೆ ನಿಂತು ನಿಂತೇ ಸ್ನೇಹಿತರಾದವರು.

"ಬಿರಿಯಾನಿಗೂ ದಮ್ಮು, ಅಲ್ತಾಫ್ ಭಾಯಿಗೂ ದಮ್ಮು," ಎಂದು ಕೆಲಸದವರು ನಗುತ್ತಿದ್ದರು. ಅಲ್ತಾಫನೂ ನಗುತ್ತಿದ್ದ. ಬಿರಿಯಾನಿ ಚೆನ್ನಾಗಿರುವಷ್ಟು ಕಾಲ ಯಾರು ಏನಂದರೇನು.

ರಂಜಾನ್ ಹತ್ತಿರ ಬರುತ್ತಿತ್ತು. ಅದಕ್ಕೆ ಮೊದಲೇ ಮದುವೆಗಳನ್ನೆಲ್ಲ ಮುಗಿಸಿಬಿಡುವ ಅವಸರ ಎಲ್ಲರಿಗೂ. ದೇವನಹಳ್ಳಿಯ ಶಾದಿ ಮಹಲಿನಲ್ಲಿ ಅಸದುಲ್ಲಾ ಸಾಹೇಬರ ಹಿರಿಮಗಳ ನಿಕಾಹ್ ಇತ್ತು. ಅಸದುಲ್ಲಾ ರೇಷ್ಮೆಗೂಡಿನ ವ್ಯಾಪಾರಿ. ಅಲ್ತಾಫನ ಅಪ್ಪನ ಕಾಲದಿಂದ ಆ ಮನೆಯ ದಾವತ್ತುಗಳಿಗೆಲ್ಲ ಇವರದೇ ಅಡುಗೆ. ಹಾಗಾಗಿ ಅಲ್ತಾಫ್ ಅವತ್ತು ತಾನೇ ನಿಂತು ಮಾಂಸ ಆರಿಸಿದ್ದ, ತಾನೇ ಮಸಾಲೆ ಹುರಿದಿದ್ದ. ಅವನ ಬಲಗೈ ಎಂದರೆ ರಿಜ್ವಾನ್. ಹೆಂಡತಿ ಜಾಹಿದಾಳ ತಮ್ಮ, ಮೂವತ್ತರ ಹತ್ತಿರದವನು, ಮಾತು ಕಡಿಮೆ.

ದೇಗಿನಲ್ಲಿ ಎಸರು ಕುದಿಯುತ್ತಿತ್ತು. ಅಕ್ಕಿ ಸುರಿಯುವ ಮುಂಚೆ ಎಸರಿನ ಉಪ್ಪು ನೋಡುವುದು ಯಜಮಾನನ ಕೆಲಸ. ಅಲ್ತಾಫ್ ಸೌಟಿನಿಂದ ಅಂಗೈಗೆ ಒಂದಿಷ್ಟು ಬಿಟ್ಟುಕೊಂಡು ನೆಕ್ಕಿ ನೋಡಿದ.

"ಸಪ್ಪೆ. ಇನ್ನೂ ಹಾಕು," ಎಂದ.

ರಿಜ್ವಾನ್ ಹಾಕಿದ. ಅಲ್ತಾಫ್ ಮತ್ತೆ ನೋಡಿದ. "ಇನ್ನೂ ಬೇಕು."

"ಸಾಕಿತ್ತೇನೋ, ದುಲ್ಹಾಭಾಯ್."

"ಹಾಕು ಅಂದ್ರೆ ಹಾಕು."

ಹಾಕಿದ. ಅಕ್ಕಿ ಬಿತ್ತು, ದಮ್ ಕೂತಿತು. ಅಲ್ತಾಫ್ ಹಿತ್ತಲಿನ ಹೊಂಗೆ ಮರದ ಕೆಳಗೆ ಹೋಗಿ ಕೆಂಪರಾಜನ ಜೊತೆ ಎರಡು ಸಿಗರೇಟು ಸೇದಿ ಬಂದ. ಮುಚ್ಚಳ ತೆಗೆದಾಗ ಎದ್ದ ಹಬೆಗೆ ಸುತ್ತಲಿದ್ದವರೆಲ್ಲ ಮೂಗರಳಿಸಿದರು. ಎಲ್ಲ ಸರಿಯಾಗಿದೆ ಎಂದೇ ಅವನು ತಿಳಿದಿದ್ದ.

ಮೊದಲ ಪಂಕ್ತಿ ಕೂತಾಗ ಅವನು ಬಾಗಿಲ ಬಳಿ ನಿಂತು ನೋಡುತ್ತಿದ್ದ. ನೀರಿನ ಜಗ್ಗುಗಳು ಯಾಕೋ ಬೇಗ ಬೇಗ ಓಡಾಡುತ್ತಿದ್ದವು. ಒಬ್ಬ ಅಜ್ಜಿ ಬಟ್ಟಲಿನ ಮೊಸರು ಬಜ್ಜಿಯನ್ನೆಲ್ಲ ಅನ್ನಕ್ಕೆ ಸುರಿದುಕೊಂಡು ಕಲಸಿದಳು. ಹುಡುಗನ ಕಡೆಯ ಹಿರಿಯರು ಮಾಂಸದ ತುಂಡುಗಳನ್ನು ಆರಿಸಿ ತಿಂದು, ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿ, ಸಿಹಿಯ ಕಡೆ ಕೈ ಚಾಚಿದರು. ಊಟ ಮುಗಿದ ಮೇಲೆ ಅಸದುಲ್ಲಾ ಬಂದು ಅಲ್ತಾಫನ ಭುಜದ ಮೇಲೆ ಕೈಯಿಟ್ಟರು.

"ಮಾಂಸ ಚೆನ್ನಾಗಿ ಬೆಂದಿತ್ತು, ಅಲ್ತಾಫ್," ಎಂದರು. ಅಷ್ಟೇ ಹೇಳಿ ಹೊರಟುಹೋದರು.

ಬಿರಿಯಾನಿ ಮಾಡಿದವನಿಗೆ ಬರೀ ಮಾಂಸ ಬೆಂದಿತ್ತು ಎಂದು ಹೇಳುವುದು ಬೈಗುಳಕ್ಕಿಂತ ಕಡೆ. ಅಲ್ತಾಫ್ ಹೋಗಿ ದೇಗಿನ ತಳದಿಂದ ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡ. ಏನೂ ಗೊತ್ತಾಗಲಿಲ್ಲ. ಅಷ್ಟರಲ್ಲಿ ಬಡಿಸುವವನೊಬ್ಬ ಬಂದು ಪಿಸುಗುಟ್ಟಿದ, ಉಪ್ಪು ಸಿಕ್ಕಾಪಟ್ಟೆ ಜಾಸ್ತಿಯಾಗಿದೆ ಅಂತ ಒಳಗೆ ಮಾತಾಡ್ತಿದಾರೆ ಎಂದು.

ಅಲ್ತಾಫನ ಮುಖ ಕೆಂಪಾಯಿತು. ಪಾತ್ರೆ ತೊಳೆಯುವ ಹೆಂಗಸರು, ಬಡಿಸುವವರು, ಕೆಂಪರಾಜ್, ಎಲ್ಲರೂ ಅಲ್ಲೇ ಇದ್ದರು.

"ಯಾವಾಗ್ ಹಾಕ್ದೆ ಇನ್ನೊಂದ್ ಸಲ?" ಎಂದು ರಿಜ್ವಾನನನ್ನು ಕೇಳಿದ. "ನಾನು ಆ ಕಡೆ ಹೋದಾಗ ಹಾಕಿದ್ಯಾ? ಇಷ್ಟ್ ವರ್ಷ ಆಯ್ತು, ಉಪ್ಪು ಹಾಕಕ್ಕೆ ಬರಲ್ವಾ ನಿಂಗೆ?"

"ನೀವು ಹೇಳಿದಷ್ಟೇ ಹಾಕಿದ್ದು."

"ಸುಳ್ಳು ಬೇರೆ ಹೇಳ್ತೀಯ."

ರಿಜ್ವಾನ್ ಸೊಂಟಕ್ಕೆ ಕಟ್ಟಿದ್ದ ಬಟ್ಟೆ ಬಿಚ್ಚಿ, ಮಡಿಸಿ, ಮಸಾಲೆ ಡಬ್ಬದ ಮೇಲಿಟ್ಟು, ಗೇಟು ದಾಟಿ ಬಸ್ ಸ್ಟ್ಯಾಂಡಿನ ಕಡೆ ನಡೆದ. ತಿರುಗಿ ನೋಡಲಿಲ್ಲ.

ಅಲ್ತಾಫ್ ಮನೆಗೆ ಬಂದಾಗ ಜಾಹಿದಾ ಅವನು ತಂದಿದ್ದ ಬಿರಿಯಾನಿಯನ್ನು ತಟ್ಟೆಗೆ ಒಂದಿಷ್ಟು ಹಾಕಿಕೊಂಡು ಒಂದು ತುತ್ತು ತಿಂದಳು. ಎರಡನೇ ತುತ್ತಿಗೆ ಕೈ ಹೋಗಲಿಲ್ಲ.

"ಇದು ರಿಜ್ವಾನ್ ಹಾಕಿದ್ದಲ್ಲ," ಎಂದಳು.

"ನಿನ್ನ ತಮ್ಮ ಅಂತ ಹೇಳ್ತಿದೀಯ."

ಅವಳು ವಾದಕ್ಕೆ ಇಳಿಯಲಿಲ್ಲ. ಮಾರನೇ ದಿನ ಮಧ್ಯಾಹ್ನ ಅವನ ಮುಂದೆ ಎರಡು ಬಟ್ಟಲಿಟ್ಟಳು. ಎರಡರಲ್ಲೂ ಅದೇ ಬೇಳೆಸಾರು, ಅದೇ ಒಗ್ಗರಣೆ.

"ಒಂದರಲ್ಲಿ ಉಪ್ಪೇ ಹಾಕಿಲ್ಲ. ಯಾವುದು ಹೇಳಿ."

ಅಲ್ತಾಫ್ ಇದೇನು ಮಕ್ಕಳಾಟ ಎಂದು ಗೊಣಗುತ್ತ ಎರಡನ್ನೂ ಕುಡಿದ. ಇನ್ನೊಮ್ಮೆ ಕುಡಿದ. ಎಡಗಡೆಯದನ್ನು ತೋರಿಸಿದ. ಜಾಹಿದಾ ಅಲ್ಲವೆಂದು ತಲೆಯಾಡಿಸಿದಳು. ಎಡಗಡೆಯದರಲ್ಲಿ ಉಪ್ಪಿತ್ತು.

"ಎರಡು ವರ್ಷದಿಂದ ನಿಮ್ಮ ತಟ್ಟೆಗೆ ಬಡಿಸೋ ಮುಂಚೆ ನಿಮ್ಮ ಸಾರಿಗೆ ಬೇರೆ ಉಪ್ಪು ಹಾಕ್ತಾ ಇದೀನಿ," ಎಂದಳು. "ಇಲ್ಲಾಂದ್ರೆ ನೀವು ಊಟಾನೇ ಮಾಡ್ತಿರಲಿಲ್ಲ. ಹೇಳಿದ್ರೆ ಬೇಜಾರಾಗ್ತೀರ ಅಂತ ಸುಮ್ನಿದ್ದೆ. ರಿಜ್ವಾನ್‌ಗೂ ಗೊತ್ತು. ನೀವು ಆ ಕಡೆ ತಿರುಗಿದಾಗ ಅವನು ಎಷ್ಟು ಸಲ ನೀರು ಹಾಕಿ ಸರಿ ಮಾಡಿದಾನೋ ನನಗೆ ಗೊತ್ತಿಲ್ಲ. ಅವತ್ತು ಮಾಡಕ್ಕಾಗ್ಲಿಲ್ಲ ಅನ್ಸುತ್ತೆ."

ಅಲ್ತಾಫ್ ಬಟ್ಟಲು ಹಿಡಿದುಕೊಂಡೇ ಕೂತಿದ್ದ. ಕೋಪ ಬರಲಿಲ್ಲ. ಕೈ ಹೋದರೆ ಬೇರೆಯವರ ಕೈಯಲ್ಲಿ ಕೆಲಸ ಮಾಡಿಸಬಹುದು. ಕಾಲು ಹೋದರೆ ಕುರ್ಚಿಯ ಮೇಲೆ ಕೂತು ಹೇಳಬಹುದು. ನಾಲಿಗೆ ಹೋದ ಬಾಣಸಿಗ ಏನು ಮಾಡಬೇಕು?

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಬಾಯಿಯೊಳಗೆ ಟಾರ್ಚು ಬಿಟ್ಟು ನೋಡಿದರು, ಮೂಗು ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಕೆಟ್ಟ ಗಾಯವೇನೂ ಇಲ್ಲ, ಅದೃಷ್ಟ ಎಂದರು. ಹೊಗೆ ಬಿಟ್ಟರೆ ಮೂಗು, ನಾಲಿಗೆ ಎರಡೂ ನಿಧಾನಕ್ಕೆ ಸುಧಾರಿಸುತ್ತವೆ, ಬಿಡದಿದ್ದರೆ ಮುಂದಿನ ಸಲ ಹೀಗೆ ಹೇಳುವ ಅವಕಾಶ ತನಗೆ ಸಿಗದೇ ಹೋಗಬಹುದು ಎಂದು ಹೇಳಿ ಪಕ್ಕದ ಕೋಣೆಗೆ ಕಳಿಸಿದರು. ಅಲ್ಲಿ ತಂಬಾಕು ಬಿಡಿಸುವ ಆಪ್ತ ಸಲಹೆಗಾರ್ತಿ ಕೀರ್ತನ ಇದ್ದಳು. ಸೂಲಿಬೆಲೆ ಕಡೆಯ ಹುಡುಗಿ. ಅವಳು ದಿನಕ್ಕೆ ಎಷ್ಟು ಸೇದುತ್ತೀರಿ ಎಂದು ಕೇಳಲಿಲ್ಲ. ಯಾವಾಗ ಸೇದುತ್ತೀರಿ ಎಂದು ಕೇಳಿದಳು.

"ದಮ್ ಹಾಕಿದಾಗ," ಎಂದ ಅಲ್ತಾಫ್. ಆಮೇಲೆ ಬಿಡಿಸಿ ಹೇಳಬೇಕೇನೋ ಎಂದುಕೊಂಡ. ಅವಳು ಆಗಲೇ ನಗುತ್ತಿದ್ದಳು.

"ಗೊತ್ತು ಸಾರ್. ಭಾನುವಾರ ಬೆಳಗ್ಗೆ ನಮ್ಮಪ್ಪ ಹೊಸಕೋಟೆಗೇ ಬಂದು ಕ್ಯೂನಲ್ಲಿ ನಿಲ್ತಾರೆ ಬಿರಿಯಾನಿಗೆ." ಪೆನ್ನು ಪಕ್ಕಕ್ಕಿಟ್ಟಳು. "ನೋಡಿ, ಆ ಹೊತ್ತಲ್ಲಿ ನಿಮ್ಮ ಕೈಗೊಂದು ಕೆಲಸ ಇರುತ್ತೆ, ಬಾಯಿಗೊಂದು ಕೆಲಸ ಇರುತ್ತೆ, ಜೊತೆಗೊಬ್ರು ಇರ್ತಾರೆ. ಸಿಗರೇಟು ತೆಗೆದುಬಿಟ್ರೆ ಮೂರೂ ಒಟ್ಟಿಗೇ ಹೋಗುತ್ತೆ. ಅಲ್ಲಿ ಗುಂಡಿ ಬೀಳುತ್ತೆ. ಏನಾದ್ರೂ ಹಾಕಿ ಮುಚ್ಚಬೇಕು. ಏನು ಹಾಕ್ಬೇಕು ಅಂತ ನೀವೇ ಹುಡುಕ್ಬೇಕು. ನಾನು ದಾರಿ ತೋರಿಸ್ತೀನಿ ಅಷ್ಟೆ."

ಆಸೆ ಎದ್ದಾಗ ಕೆಲವು ನಿಮಿಷ ತಡೆದುಕೊಂಡರೆ ಅದು ತಾನೇ ಇಳಿಯುತ್ತದೆ, ನೀರು ಕುಡಿಯಿರಿ, ಉಸಿರನ್ನು ಉದ್ದಕ್ಕೆ ಎಳೆದು ಬಿಡಿ, ಬಾಯಿಗೆ ಸೋಂಪೋ ಲವಂಗವೋ ಹಾಕಿಕೊಳ್ಳಿ, ನಡೆಯಿರಿ ಎಂದಳು. ತಡೆಯಲಾಗದಿದ್ದರೆ ಜಗಿಯುವ ಔಷಧಿಯೂ ಇದೆ, ಡಾಕ್ಟರನ್ನು ಕೇಳಿ ಕೊಡಿಸುತ್ತೇನೆ ಎಂದಳು. ಕೊನೆಗೆ ಕೇಳಿದಳು: "ಮುಂದಿನ ವಾರ ರಂಜಾನ್ ಶುರುವಾಗುತ್ತಲ್ವಾ? ರೋಜಾ ಇರ್ತೀರಾ?"

"ಒಂದೂ ಬಿಡಲ್ಲ."

"ಹಗಲೆಲ್ಲ ಸೇದಲ್ಲ?"

"ರೋಜಾದಲ್ಲಿ ಸೇದೋದುಂಟೇನಮ್ಮ."

"ಅಂದ್ರೆ ಬಿಡಕ್ಕೆ ಬರುತ್ತೆ ನಿಮಗೆ. ಸಂಜೆ ಮತ್ತೆ ಶುರು ಮಾಡೋದನ್ನ ಬಿಟ್ರೆ ಆಯ್ತು."

ಈ ಮಾತು ಅಲ್ತಾಫನಿಗೆ ದಾರಿಯುದ್ದಕ್ಕೂ ಕೊರೆಯಿತು. ಚಿಕ್ಕಂದಿನಿಂದ ರೋಜಾ ಹಿಡಿದವನು. ಖರ್ಜೂರ ಬಾಯಿಗಿಟ್ಟು, ಗಂಜಿ ಕುಡಿದು, ನಮಾಜು ಮುಗಿಸಿ ಮಸೀದಿಯ ಮೆಟ್ಟಿಲಿಳಿದ ತಕ್ಷಣ ಹಚ್ಚುವ ಸಿಗರೇಟನ್ನು ನೆನೆಯುತ್ತಲೇ ಎಷ್ಟೋ ವರ್ಷ ಮಧ್ಯಾಹ್ನಗಳನ್ನು ದೂಡಿದ್ದ. ಹಸಿವಿಗಿಂತ ಅದನ್ನೇ ಹೆಚ್ಚು ಕಾದಿದ್ದ ಎಂದು ಈಗ ಅನ್ನಿಸಿ ನಾಚಿಕೆಯಾಯಿತು.

ಆ ವರ್ಷ ರಂಜಾನಿನ ಮೊದಲ ಸಂಜೆಯೇ ಕಷ್ಟವಾಯಿತು. ಗಂಜಿ ಕುಡಿದಾಯಿತು, ಕೈ ತಾನಾಗಿಯೇ ಜೇಬಿಗೆ ಹೋಯಿತು. ಅಲ್ಲಿ ಜಾಹಿದಾ ಇಟ್ಟಿದ್ದ ಚಕ್ಕೆಯ ತುಂಡುಗಳ ಪೊಟ್ಟಣ ಸಿಕ್ಕಿತು. ಒಂದನ್ನು ತುಟಿಗಿಟ್ಟುಕೊಂಡು ಹೊಸಕೋಟೆ ಕೆರೆಯ ಏರಿಯ ಕಡೆ ಹೊರಟ. ಆಸೆ ಇಳಿಯುವವರೆಗೂ ನಡೆಯುವುದು ಎಂದುಕೊಂಡಿದ್ದ. ಅದು ಇಳಿಯಿತು, ಮತ್ತೆ ಏರಿತು, ಮತ್ತೆ ಇಳಿಯಿತು. ಏರಿಯ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಚಕ್ಕೆ ನಾರುನಾರಾಗಿತ್ತು.

ಮನೆಯಲ್ಲಿ ಅವನ ಜೊತೆ ಬಾಳುವುದು ಸುಲಭವಿರಲಿಲ್ಲ. ಫ್ಯಾನಿನ ಸದ್ದಿಗೆ ರೇಗಿದ. ಚಪ್ಪಲಿ ಸಿಗಲಿಲ್ಲವೆಂದು ರೇಗಿದ, ಸಿಕ್ಕ ಮೇಲೂ ರೇಗಿದ. ಜಾಹಿದಾ ಒಂದೆರಡು ದಿನ ಸಹಿಸಿ, ಮೂರನೆಯ ದಿನ, "ನೀವು ಸಿಗರೇಟು ಬಿಟ್ಟಿದ್ದೀರಿ, ನಾನೇನು ಬಿಟ್ಟಿಲ್ಲ. ನನ್ನ ಮೇಲ್ ಯಾಕೆ ಕೂಗ್ತೀರಿ," ಎಂದಳು. ಅವನಿಗೆ ನಗು ಬಂದುಬಿಟ್ಟಿತು. ಅವಳೂ ನಕ್ಕಳು.

ಕೆಂಪರಾಜನಿಗೆ ಗೆಳೆಯನ ಪಾಡು ನೋಡಲಾಗಲಿಲ್ಲ. ಒಂದು ಸಂಜೆ ಏರಿಯ ಮೇಲೆ ಹುಡುಕಿಕೊಂಡು ಬಂದು ಒಂದು ಹಸಿರು ಡಬ್ಬಿ ತೆಗೆದ.

"ತಂಬಾಕೇ ಇಲ್ಲ ಗುರು ಇದ್ರಲ್ಲಿ. ಬರೀ ತುಳಸಿ, ಅದೂ ಇದೂ ಸೊಪ್ಪು. ಅಂಗಡಿಯೋನು ಆರೋಗ್ಯಕ್ಕೆ ಒಳ್ಳೇದು ಅಂದ."

ಇಬ್ಬರೂ ಹಚ್ಚಿದರು. ಒಂದು ದಮ್ಮು ಎಳೆದದ್ದಷ್ಟೇ, ಇಬ್ಬರಿಗೂ ಕೆಮ್ಮು ಹತ್ತಿ ಕಣ್ಣಲ್ಲಿ ನೀರು ಬಂತು. ಬೇಲಿಗೆ ಬೆಂಕಿ ಬಿದ್ದ ವಾಸನೆ. ಅಲ್ಲೇ ವಾಕಿಂಗ್ ಮಾಡುತ್ತಿದ್ದ ಹೆಂಗಸೊಬ್ಬರು ಮೂಗು ಮುಚ್ಚಿಕೊಂಡು ದಾಟಿದರು. ಅಲ್ತಾಫ್ ಫೋನಿನಲ್ಲಿ ಕೀರ್ತನಳನ್ನು ಕೇಳಿದಾಗ ಅವಳು, "ಹೊಗೆ ಯಾವ ಸೊಪ್ಪಿಂದು ಆದ್ರೂ ಹೊಗೇನೇ ಸಾರ್, ಅದನ್ನ ಎಸೀರಿ," ಎಂದಳು. ಕೆಂಪರಾಜ್ ಡಬ್ಬಿಯನ್ನು ಕಸದ ತೊಟ್ಟಿಗೆ ಹಾಕಿ, ತನ್ನ ಮಾಮೂಲಿ ಸಿಗರೇಟು ಹಚ್ಚಿಕೊಂಡು, ಅಲ್ತಾಫನಿಗೆ ಹೊಗೆ ತಾಗದ ಹಾಗೆ ಗಾಳಿಯ ಆ ಕಡೆ ನಡೆದ.

ಹಬ್ಬ ಕಳೆಯಿತು. ಮದುವೆಗಳು ಮತ್ತೆ ಶುರುವಾದವು. ನಂದಗುಡಿಯಲ್ಲಿ ಮೊದಲ ಕೆಲಸ. ರಿಜ್ವಾನ್ ಇಲ್ಲದೆ ಎಲ್ಲವೂ ಎಡವಟ್ಟು. ಅವನು ದೇವನಹಳ್ಳಿ ಹೈವೇಯ ಒಂದು ಹೋಟೆಲಿಗೆ ಸೇರಿಕೊಂಡಿದ್ದ. ಉಪ್ಪು ನೋಡಲು ಅಲ್ತಾಫ್ ಪಾತ್ರೆ ತೊಳೆಯುವ ಭಾಗ್ಯಮ್ಮನನ್ನೇ ಕರೆದಿದ್ದ. ಹೇಗೋ ದಮ್ ಹಾಕಿದ್ದಾಯಿತು. ಕಾಲುಗಳು ಅಭ್ಯಾಸದಂತೆ ಅವನನ್ನು ಮಂಟಪದ ಹಿಂದಕ್ಕೆ ಒಯ್ದವು. ಅಲ್ಲಿ ಕೆಂಪರಾಜ್ ಇದ್ದ, ನೆರಳಿತ್ತು, ಗಾಳಿ ತಣ್ಣಗಿತ್ತು. ಕೆಂಪರಾಜ್ ಬೇರೇನೋ ಮಾತಾಡುತ್ತ ಮರೆತು ಪ್ಯಾಕೆಟ್ ಮುಂದೆ ಚಾಚಿದ. ಅಲ್ತಾಫ್ ತೆಗೆದುಕೊಂಡ.

ಇಡೀ ಸಿಗರೇಟು ಸೇದಿದ. ರುಚಿಸಲಿಲ್ಲ ಎಂದರೆ ಸುಳ್ಳಾದೀತು.

ಮನೆಗೆ ಬಂದು ಜಾಹಿದಾಳಿಗೆ ಹೇಳಿದ. ಮುಚ್ಚಿಡಬೇಕೆಂದು ಅನ್ನಿಸಿತ್ತು, ಆದರೆ ಅವಳಿಗೆ ವಾಸನೆ ಗೊತ್ತಾಗದೇ ಇರುತ್ತದೆಯೇ.

"ಸೇದಿದ್ರಾ," ಎಂದಳು ಅವಳು, ಅಕ್ಕಿ ಆರಿಸುತ್ತ. "ಆಯ್ತು. ನಾಳೆ ಸೇದ್ಬೇಡಿ."

ಅಷ್ಟೇ. ಅವನು ಬೈಗುಳಕ್ಕೆ ತಯಾರಾಗಿದ್ದ. ಅದು ಬರದೇ ಹೋದದ್ದರಿಂದ ಸಿಗರೇಟು ಬಿಡುವ ಆಟ ಮುಗಿಯಿತು ಎಂದು ಕೈಚೆಲ್ಲಲು ಅವನಿಗೆ ನೆಪವೇ ಸಿಗಲಿಲ್ಲ. ಕೀರ್ತನಳಿಗೂ ಫೋನ್ ಮಾಡಿದ. ಅವಳು ಎಲ್ಲಿ ನಿಂತಿದ್ದಿರಿ ಎಂದು ಕೇಳಿದಳು. ಮಂಟಪದ ಹಿಂದೆ, ಯಾವಾಗಲೂ ನಿಲ್ಲುವ ಕಡೆ ಎಂದ.

"ಮತ್ತೆ ಅಲ್ಲಿ ಯಾಕ್ ಹೋಗ್ತೀರಾ ಸಾರ್? ಬೇರೆ ಕಡೆ ಹೋಗಿ ನಿಂತ್ಕೊಳಿ."

ಇಷ್ಟು ಸಣ್ಣ ವಿಷಯ ತನಗೆ ಹೊಳೆಯಲೇ ಇಲ್ಲವಲ್ಲ ಎಂದು ಅವನಿಗೆ ಆಶ್ಚರ್ಯವಾಯಿತು.

ಮುಂದಿನ ಮದುವೆಯಲ್ಲಿ ದಮ್ ಹಾಕಿದ ಮೇಲೆ ಅವನು ಎಡಕ್ಕೆ ತಿರುಗದೆ ಬಲಕ್ಕೆ ತಿರುಗಿದ. ಆ ಕಡೆ ನಲ್ಲಿಯ ಪಕ್ಕ ಚಾಪೆ ಹಾಸಿಕೊಂಡು ಭಾಗ್ಯಮ್ಮ, ಅವಳ ಜೊತೆಯ ಹೆಂಗಸರು ಸಂಜೆಯ ಅಡುಗೆಗೆ ಬೆಳ್ಳುಳ್ಳಿ ಸುಲಿಯುತ್ತಿದ್ದರು. ದೇವನಹಳ್ಳಿ ಹತ್ತಿರದ ನಲ್ಲೂರಿನವರು. ಎಷ್ಟೋ ವರ್ಷಗಳಿಂದ ಅವನ ಕೆಲಸಗಳಿಗೆ ಬರುತ್ತಿದ್ದರೂ ಅವರು ಕೂತಿರುವ ಕಡೆ ಅವನು ಒಮ್ಮೆಯೂ ಬಂದವನಲ್ಲ. ಯಜಮಾನ ಬಂದದ್ದು ಕಂಡು ಮಾತು ನಿಂತಿತು.

"ಏನಾದ್ರೂ ತಪ್ಪಾಯ್ತಾ ಭಾಯಿ?" ಎಂದಳು ಭಾಗ್ಯಮ್ಮ.

"ಏನಿಲ್ಲಮ್ಮ. ಸುಮ್ನೆ ಬಂದೆ."

ಚಾಪೆಯ ಅಂಚಿನಲ್ಲಿ ಕೂತು ಒಂದು ಬೆಳ್ಳುಳ್ಳಿ ಗೆಡ್ಡೆ ಕೈಗೆತ್ತಿಕೊಂಡ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವನು ಒಂದು ಎಸಳು ಬಿಡಿಸುವಷ್ಟರಲ್ಲಿ ಅವರು ಒಂದು ಗೆಡ್ಡೆ ಮುಗಿಸುತ್ತಿದ್ದರು. ಅವನದು ಉಗುರು ತಾಗಿ ಗಾಯವಾದ ಎಸಳು ಬೇರೆ.

"ಅಷ್ಟ್ ದೊಡ್ ಹಂಡೆ ಇಳ್ಸೋ ಕೈಗೆ ಬೆಳ್ಳುಳ್ಳಿ ಸುಲಿಯಕ್ಕೆ ಬರಲ್ವಲ್ಲಪ್ಪಾ," ಎಂದಳು ಭಾಗ್ಯಮ್ಮ. ಅಲ್ಲಿಗೆ ಎಲ್ಲರ ಬಿಗಿ ಸಡಿಲಾಯಿತು. ಅರ್ಧಕ್ಕೆ ನಿಂತಿದ್ದ ಮಾತು ಮುಂದುವರಿಯಿತು. ಒಬ್ಬಳ ಸೊಸೆ ಆನ್‌ಲೈನಿನಲ್ಲಿ ಸೀರೆ ತರಿಸಿ, ಬಣ್ಣ ಬೇರೆ ಬಂದು, ವಾಪಸ್ ಕಳಿಸಿ, ಮತ್ತೆ ಅದೇ ಬಣ್ಣ ಬಂದ ಕತೆ. ಅಲ್ತಾಫ್ ಕೇಳುತ್ತ ಕೇಳುತ್ತ ನಕ್ಕ. ದೇಗು ನೆನಪಾಗಿ ಎದ್ದು ಓಡಿದಾಗ ಮುಚ್ಚಳ ತೆಗೆಯುವ ಹೊತ್ತು ಸರಿಯಾಗಿ ಬಂದಿತ್ತು.

ಹೀಗೆ ಅವನು ಪ್ರತಿ ಕೆಲಸದಲ್ಲೂ ಆ ಚಾಪೆಗೆ ಬರತೊಡಗಿದ. ಆಸೆ ಏಳುತ್ತಿರಲಿಲ್ಲ ಎಂದಲ್ಲ. ಎದ್ದಾಗ ಇನ್ನೊಂದು ಗೆಡ್ಡೆಗೆ ಕೈ ಹಾಕುತ್ತಿದ್ದ. ಚಕ್ಕೆ ಜಗಿದು ಜಗಿದು ಬಾಯಿ ಉರಿಯುತ್ತದೆ ಎಂದು ಒಂದು ದಿನ ಹೇಳಿಕೊಂಡ. ಅದರ ಮುಂದಿನ ವಾರ ಭಾಗ್ಯಮ್ಮ ಸೆರಗಿನ ಗಂಟು ಬಿಚ್ಚಿ ಒಂದು ಹಿಡಿ ಎಳೆ ಹುಣಸೆ ಚಿಗುರು ಅವನ ಕೈಗೆ ಹಾಕಿದಳು. ತೆಳು ಹಸಿರು, ತುದಿಯಲ್ಲಿ ಕೆಂಪು.

"ನಮ್ ಹಿತ್ತಲ ಮರದ್ದು. ಬಾಯಿಗ್ ಹಾಕ್ಕೊಳಿ."

ಹಾಕಿಕೊಂಡ. ಹಲ್ಲು ತಾಗಿದ್ದೇ ತಡ, ಹುಳಿ ನಾಲಿಗೆಯ ಎರಡೂ ಅಂಚಿನಿಂದ ಎದ್ದು ಕೆನ್ನೆಯೊಳಗೆ ಹರಿದು ಕಿವಿಯ ಬುಡದವರೆಗೆ ಹೋಯಿತು. ಕಣ್ಣು ಮುಚ್ಚಿಕೊಂಡವು. ಹಿಂದೆಯೇ ಸಣ್ಣಗೆ ಒಂದು ಒಗರು, ಅದರ ಹಿಂದೆ ಹಸಿ ಎಲೆಯ ವಾಸನೆ. ಇಷ್ಟು ದಿನ ಬಾಯಿಗೆ ಹೋದದ್ದೆಲ್ಲ ಬಟ್ಟೆಯ ಆ ಕಡೆಯಿಂದ ಮುಟ್ಟಿದ ಹಾಗಿತ್ತು. ಈಗ ಬಟ್ಟೆ ಇರಲಿಲ್ಲ.

"ಹುಳಿ," ಎಂದ.

"ಹುಣಸೆ ಮತ್ತೆ ಸಿಹಿ ಇರ್ತದಾ," ಎಂದಳು ಭಾಗ್ಯಮ್ಮ. "ನಮ್ ಯಜಮಾನ್ರು ಪಿಳ್ಳಪ್ಪ ಬೀಡಿ ಬಿಟ್ಟಿದ್ದು ಇದನ್ನೇ ತಿಂದು."

"ಒಂದೇ ಸಲಕ್ಕೆ ಬಿಟ್ರಾ?"

"ಎಲ್ಲಿ. ಬಿಟ್ರು, ಹಿಡಿದ್ರು, ಬಿಟ್ರು, ಹಿಡಿದ್ರು. ಈಗ ಬಿಟ್ಟವ್ರೆ."

ಅಂದು ಸಂಜೆಯ ಅಡುಗೆಗೆ ಎಸರು ಕುದಿಯುವಾಗ ಅಲ್ತಾಫ್ ಭಾಗ್ಯಮ್ಮನನ್ನು ಕರೆಯಲಿಲ್ಲ. ಅಂಗೈಗೆ ಬಿಟ್ಟುಕೊಂಡು ನೆಕ್ಕಿದ. ಉಪ್ಪು, ಖಾರ, ಪುದೀನ, ಮೊಸರಿನ ಹುಳಿ, ಒಂದೊಂದೂ ತಮ್ಮ ತಮ್ಮ ಜಾಗದಲ್ಲಿ ನಿಂತಿದ್ದವು. ಉಪ್ಪು ಒಂದು ಎಳೆಯಷ್ಟು ಮುಂದಿತ್ತು, ಅಕ್ಕಿ ಬಿದ್ದರೆ ಸರಿಹೋಗುವಷ್ಟು. ಆಮೇಲೆ ಭಾಗ್ಯಮ್ಮನಿಗೂ ಕೊಟ್ಟು ನೋಡಿಸಿದ. ಅವಳೂ ಅದನ್ನೇ ಹೇಳಿದಳು. ಆ ಕ್ಷಣ ಅವನಿಗೆ ಸಂತೋಷವಾಗಬೇಕಿತ್ತು, ಆಯಿತು ಕೂಡ. ಆದರೆ ಅದರ ಜೊತೆಯಲ್ಲೇ ಇಷ್ಟು ಎಸರಿಗೆ ತಾನು ಆ ದಿನ ಎರಡೆರಡು ಸಲ ಉಪ್ಪು ಹಾಕಿಸಿದ್ದು ನೆನಪಾಗಿ, ರಿಜ್ವಾನನ ಮುಖ ಕಣ್ಣ ಮುಂದೆ ಬಂತು.

ಮಾರನೇ ಬೆಳಗ್ಗೆ ಸ್ಕೂಟರ್ ಹತ್ತಿ ದೇವನಹಳ್ಳಿಗೆ ಹೋದ. ಮೊದಲು ಅಸದುಲ್ಲಾ ಸಾಹೇಬರ ಮನೆ. ಜಗುಲಿಯ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿ ಕ್ಷಮಿಸಿ ಎಂದ. ಅಸದುಲ್ಲಾ ಗಡ್ಡ ನೀವಿಕೊಂಡರು.

"ನನ್ನ ಬೀಗರು ಇವತ್ತಿಗೂ ಹೇಳ್ತಾರೆ, ಆ ಮದುವೆಯಲ್ಲಿ ಕುಡಿದಷ್ಟು ನೀರು ಜನ್ಮದಲ್ಲಿ ಕುಡಿದಿರಲಿಲ್ಲ ಅಂತ," ಎಂದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ನಗು ತಡೆಯಲಾಗದೆ ಟೀ ಲೋಟ ಕೆಳಗಿಟ್ಟರು. "ಮಗಳು ಚೆನ್ನಾಗಿದಾಳೆ ಕಣಯ್ಯಾ. ಅದಕ್ಕಿಂತ ಏನು ಬೇಕು."

ರಿಜ್ವಾನನ ಹತ್ತಿರ ಇಷ್ಟು ಸುಲಭವಾಗಲಿಲ್ಲ. ಹೋಟೆಲಿನ ಹಿಂದಿನ ಬಾಗಿಲಲ್ಲಿ ಕಾದು ನಿಂತ ಭಾವನನ್ನು ಕಂಡು ಅವನು ಕೈ ಒರೆಸಿಕೊಳ್ಳುತ್ತ ಹೊರಗೆ ಬಂದ.

"ನಂದೇ ತಪ್ಪು," ಎಂದ ಅಲ್ತಾಫ್. "ನೀನು ಹೇಳಿದ್ದೇ ನಿಜ. ನನ್ನ ನಾಲಿಗೆ ಸತ್ತಿತ್ತು. ನಿನಗೆ ಮೊದಲೇ ಗೊತ್ತಿತ್ತು, ಅಲ್ವಾ?"

"ಹೂಂ."

"ಹೇಳ್ಬಾರ್ದಿತ್ತಾ?"

"ಹೆಂಗ್ ಹೇಳೋದು. ನೀವು ಉಸ್ತಾದ್." ರಿಜ್ವಾನ್ ನೆಲ ನೋಡುತ್ತಿದ್ದ. "ನೀವು ಬೈದಿದ್ದಕ್ಕಲ್ಲ ದುಲ್ಹಾಭಾಯ್. ಎಲ್ಲರ ಮುಂದೆ ಸುಳ್ಳುಗಾರ ಅಂದ್ರಿ."

"ಎಲ್ಲರ ಮುಂದೇನೇ ಹೇಳ್ತೀನಿ, ಬಾ."

ಒಳಗಿನಿಂದ ಯಾರೋ ಕೂಗಿದರು, ರಿಜ್ವಾನ್ ಹೊರಟುಹೋದ. ಅವನು ಬರುವುದಿಲ್ಲವೆಂದೇ ತಿಳಿದು ಅಲ್ತಾಫ್ ಮನೆಗೆ ಮರಳಿದ. ಆದರೆ ತ್ಯಾಮಗೊಂಡ್ಲುವಿನ ಮದುವೆಯ ದಿನ ಮುಂಜಾನೆ ಒಲೆಗಳಿಗೆ ಸೌದೆ ಜೋಡಿಸುವಾಗ ಗೇಟಿನಲ್ಲಿ ಅವನು ಕಾಣಿಸಿಕೊಂಡ. ಅಲ್ತಾಫ್ ಎಲ್ಲರನ್ನೂ ಕರೆದ. ಭಾಗ್ಯಮ್ಮನ ಗುಂಪು, ಬಡಿಸುವವರು, ಕುರ್ಚಿ ಇಳಿಸುತ್ತಿದ್ದ ಕೆಂಪರಾಜ್, ಎಲ್ಲ ಬಂದು ನಿಂತರು. ದೇವನಹಳ್ಳಿಯಲ್ಲಿ ಉಪ್ಪು ಹಾಕಿಸಿದ್ದು ನಾನು, ಸುಳ್ಳು ಹೇಳಿದ್ದೂ ನಾನೇ, ಇವನದೇನೂ ತಪ್ಪಿಲ್ಲ ಎಂದು ಹೇಳಿದ. ದೊಡ್ಡ ಮಾತೇನೂ ಆಗಿರಲಿಲ್ಲ. ಹೇಳಿ ಮುಗಿಸುವಷ್ಟರಲ್ಲಿ ಅವನ ಕಿವಿ ಬಿಸಿಯಾಗಿತ್ತು. ರಿಜ್ವಾನ್ ಮಸಾಲೆ ಡಬ್ಬದ ಕಡೆ ಹೋಗಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡ.

"ಇನ್ಮೇಲೆ ಉಪ್ಪು ಇಬ್ರೂ ನೋಡೋದು," ಎಂದ.

"ಆಯ್ತು," ಎಂದ ಅಲ್ತಾಫ್.

ಬೇಸಿಗೆಯ ಒಂದು ಭಾನುವಾರ ಕೆಲಸವಿರಲಿಲ್ಲ. ಭಾಗ್ಯಮ್ಮ ತಮ್ಮ ಮನೆಗೆ ಕರೆಯುತ್ತಲೇ ಇದ್ದಳು. ಅಲ್ತಾಫ್ ಜಾಹಿದಾಳನ್ನು ಹಿಂದೆ ಕೂರಿಸಿಕೊಂಡು, ಮಾಂಸದ ಚೀಲವನ್ನು ಮುಂದೆ ಇಟ್ಟುಕೊಂಡು ನಲ್ಲೂರಿಗೆ ಹೋದ. ಹಳೆಯ ಹುಣಸೆ ತೋಪಿನ ಪಕ್ಕದ ದಾರಿಯಲ್ಲಿ ಹೋಗುವಾಗ ಜಾಹಿದಾ ಆ ದಪ್ಪ ಕಾಂಡಗಳನ್ನು ನೋಡಿ ಸ್ಕೂಟರ್ ನಿಲ್ಲಿಸಿ ಎಂದಳು. ಸ್ವಲ್ಪ ಹೊತ್ತು ನಿಂತು ನೋಡಿದರು. ಅಲ್ತಾಫ್ ಗಾಳಿ ಎಳೆದುಕೊಂಡ. ಧೂಳು, ಒಣಗಿದ ಹುಲ್ಲು, ಎಲ್ಲೋ ಸುಡುತ್ತಿದ್ದ ಹಲಸಿನ ಬೀಜ. ಜಾಹಿದಾ ತಲೆಗೆ ಹಚ್ಚಿದ್ದ ಕೊಬ್ಬರಿ ಎಣ್ಣೆಯ ವಾಸನೆಯೂ ಅವನಿಗೆ ಗೊತ್ತಾಯಿತು. ಸ್ಕೂಟರ್ ಮತ್ತೆ ಶುರು ಮಾಡಿದ.

ಭಾಗ್ಯಮ್ಮನ ಹಿತ್ತಲಲ್ಲಿ ಮೂರು ಕಲ್ಲಿನ ಒಲೆ ಹೂಡಿ ಹುಣಸೆ ಚಿಗುರು ಹಾಕಿ ಮಾಂಸದ ಸಾರು ಮಾಡಿದ. ಅವನ ಅಜ್ಜಿ ಮಾಡುತ್ತಿದ್ದ ಅಡುಗೆ ಅದು. ಮದುವೆಗಳಲ್ಲಿ ಯಾರೂ ಅದನ್ನು ಕೇಳುವುದಿಲ್ಲ. ಪಿಳ್ಳಪ್ಪ ಸೌದೆ ಒಡೆದುಕೊಟ್ಟ. ಭಾಗ್ಯಮ್ಮ ಮುದ್ದೆ ತಿರುವಿದಳು. ಇಷ್ಟು ವರ್ಷ ಅವನ ಅಡುಗೆಯ ಪಾತ್ರೆ ಉಜ್ಜಿದ ಹೆಂಗಸರು ಅವತ್ತು ಮೊದಲು ಕೂತು ಉಂಡರು, ಅವನು ಬಡಿಸಿದ. ಮತ್ತೆ ಮತ್ತೆ ತಟ್ಟೆ ಮುಂದೆ ಮಾಡಿದರು.

ಬೈಕಿನಲ್ಲಿ ತಡವಾಗಿ ಬಂದ ಕೆಂಪರಾಜ್ ಊಟ ಮುಗಿಸಿ ಜೇಬು ತಡಕಿದ. ಪಿಳ್ಳಪ್ಪ ಅದನ್ನೇ ನೋಡುತ್ತಿದ್ದವನು ಎದ್ದು, ಕೊಂಬೆಯಿಂದ ಒಂದಿಷ್ಟು ಚಿಗುರು ಕಿತ್ತು ತಂದು ಅವನ ಅಂಗೈಯಲ್ಲಿಟ್ಟ.

"ಇದನ್ ಒಸಿ ನೋಡಪ್ಪಾ. ಆಮೇಲೆ ಸೇದೋವಂತೆ."

ಕೆಂಪರಾಜ್ ಬಾಯಿಗೆ ಹಾಕಿಕೊಂಡು ಮುಖ ಕಿವುಚಿದ. "ಏನ್ ಗುರು ಇದು, ಹಲ್ಲೆಲ್ಲ ಜುಮ್ಮಂತದೆ," ಎಂದ. ಆದರೂ ಉಗುಳಲಿಲ್ಲ. ಒಂದಿಷ್ಟು ಹೊತ್ತಾದ ಮೇಲೆ ಹಿತ್ತಲಿನಾಚೆ ಹೋಗಿ ಸಿಗರೇಟು ಹಚ್ಚಿದ.

ಜಾಹಿದಾ ಮತ್ತು ಭಾಗ್ಯಮ್ಮ ಚಿಗುರನ್ನು ನೆರಳಲ್ಲಿ ಒಣಗಿಸಿಟ್ಟರೆ ವರ್ಷವಿಡೀ ಬರುತ್ತದೆಯೇ, ಉಪ್ಪು ಬೆರೆಸಬೇಕೇ ಬೇಡವೇ ಎಂದು ಚರ್ಚೆ ಮಾಡುತ್ತ ಕೂತರು. ಭಾಗ್ಯಮ್ಮ ಬೇಡ ಅನ್ನುತ್ತಿದ್ದಳು, ಜಾಹಿದಾ ಒಂದು ಚಿಟಿಕೆಯಾದರೂ ಬೇಕು ಅನ್ನುತ್ತಿದ್ದಳು. ಅಲ್ತಾಫನನ್ನು ಕೇಳೋಣವೆಂದು ತಿರುಗಿ ನೋಡಿದರೆ, ಅವನು ಮರದ ಬುಡದಲ್ಲಿ ಟವಲು ಹಾಸಿಕೊಂಡು, ಮುಖದ ಮೇಲೆ ತೋಳಿಟ್ಟುಕೊಂಡು ಗಾಢವಾಗಿ ನಿದ್ದೆ ಹೋಗಿದ್ದ.